ಕೈ ಅಡ್ಡ ಬಂದ ಜಾಗ

ತಪ್ಪು ಸಿಕ್ಕಿತು. ಇರ್ಮೆಲಿ ಎದ್ದು ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡಿ, ಮತ್ತೆ ಕಂಪ್ಯೂಟರಿನ ಮುಂದೆ ಕಳ್ಳಿಯಂತೆ ಕೂತಳು.

ಒಂದು ಸ್ವರ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿದ್ದಿತ್ತು. ಹಿಂದಿನ ಸುತ್ತಿನಲ್ಲಿ ಗಂಡ ತುವೋಮೊ ಅದೇ ಸ್ವರವನ್ನು ಸರಿಯಾಗಿ ನುಡಿಸಿದ್ದ. ಅದನ್ನು ಕತ್ತರಿಸಿ ತಂದು ಇಲ್ಲಿ ಅಂಟಿಸಿದಳು. ಹೆಡ್‌ಫೋನನ್ನು ಎಡಗಿವಿಗೆ ಒತ್ತಿ ಕೇಳಿದಳು. ಬಲಗಿವಿ ಸತ್ತು ಎರಡು ಚಳಿಗಾಲ ಕಳೆದಿತ್ತು. ಹೊಲಿಗೆ ಎಲ್ಲೂ ಕೇಳಿಸಲಿಲ್ಲ.

ವಿಡಿಯೊದ ಚಿತ್ರವೂ ಬಾಯಿಬಿಡಲಿಲ್ಲ. ತುವೋಮೊನ ಎಡಗೈ ಸರಿಯಾಗಿ ಆ ಹೊತ್ತಿಗೇ ವಾದ್ಯದ ಗುಂಡಿ ತಿರುಗಿಸಲು ಅಡ್ಡ ಬಂದಿತ್ತು. ಬಲಗೈಯ ಬೆರಳುಗಳು ಅದರಡಿ ಮರೆಯಾಗಿದ್ದವು. ಯಾವಾಗಲೂ ಹಾಗೆಯೇ. ತಪ್ಪು ಮಾಡುವುದರಲ್ಲಿಯೂ ಇವನು ಅದೃಷ್ಟವಂತ ಎಂದುಕೊಂಡಳು.

ಸಲಕರಣೆ ಏನೂ ದೊಡ್ಡದಲ್ಲ. ಇಸ್ತ್ರಿ ಮೇಜಿನ ಮೇಲೆ ಹಳೆಯ ಸಿಂಥಸೈಜರ್ ಕೀಬೋರ್ಡ್, ಪಕ್ಕದಲ್ಲಿ ಡ್ರಮ್ ಯಂತ್ರ. ದೀಪದ ತೋಳಿಗೆ ಕಟ್ಟಿದ ಫೋನು ಮೇಲಿನಿಂದ ಎರಡು ಕೈಗಳನ್ನಷ್ಟೇ ನೋಡುತ್ತದೆ. ಫೋನಿಗೆ ಫ್ರಿಜ್ಜಿನ ಗೊರಕೆಯೂ ಕೇಳಿಸುತ್ತದೆಂದು ಧ್ವನಿಯನ್ನು ವಯರಿನಲ್ಲಿ ನೇರ ರೆಕಾರ್ಡರಿಗೆ ಇಳಿಸುತ್ತಾರೆ. ಮೊದಲಿಗೆ ಡ್ರಮ್ಮಿನ ಒಂದೇ ಏಟು. ಬೆರಳು ಬಿದ್ದ ಚಿತ್ರಕ್ಕೂ ಏಟಿನ ಸದ್ದಿಗೂ ಗಂಟು ಹಾಕುವುದು ಇರ್ಮೆಲಿಯ ಕೆಲಸ.

ಗಂಟು ಹಾಕುವುದಷ್ಟೇ. ಉಳಿದದ್ದನ್ನು ಮುಟ್ಟಬಾರದು. ಮನೆಯಲ್ಲೇ ನುಡಿಸಿ ಅಂತರ್ಜಾಲದಲ್ಲಿ ಹಂಚಿಕೊಳ್ಳುವವರ ಕೂಟದಲ್ಲಿ ಅದೇ ಮರ್ಯಾದೆ: ಒಂದೇ ಪಟ್ಟಿಗೆ ನುಡಿಸಿದ್ದು, ಕತ್ತರಿಯಿಲ್ಲ. ಪ್ರತಿ ವಿಡಿಯೊದ ಕೆಳಗೆ ಆ ಮಾತನ್ನು ಕೈಯಾರೆ ಬರೆಯುವವಳೂ ಅವಳೇ.

“ಹೇಗೆ ಕೇಳಿಸ್ತು?” ತುವೋಮೊ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಚೆನ್ನಾಗಿದೆ.”

“ಎಲ್ಲಾ ಕೇಳಿಸ್ತಾ?”

“ಎಲ್ಲಾ ಕೇಳಿದೆ, ಎಲ್ಲಾ ಚೆನ್ನಾಗಿದೆ. ಇನ್ನೂ ಎಷ್ಟು ಹೊಗಳಬೇಕು ನಿನ್ನ?”

ಅವನ ಮುಖ ಅರಳಿತು. ಅವಳ ಎದೆಯಲ್ಲಿ ಮುಳ್ಳು ಆಡಿತು.

ಕುಣಿತದ ಚಪ್ಪರಗಳಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದ ಹುಡುಗ ಇವನು. ಕಣ್ಣು ಜನರ ಮೇಲೆ, ಬೆರಳು ತಾಳದ ಮೇಲೆ, ಒಮ್ಮೆಯೂ ಜಾರಿದ್ದಿಲ್ಲ. ಅದಕ್ಕೇ ಮನಸೋತಿದ್ದಳು. ಈಗ ಬೆರಳಿಗೂ ವಯಸ್ಸಾಯಿತು ಎಂದು ಯಾವ ಬಾಯಲ್ಲಿ ಹೇಳುವುದು?

ಕಿವಿ ಹೋದ ಮೇಲೆ ಅವಳು ರೇಡಿಯೊದ ಧ್ವನಿ ಸಂಕಲನದ ಕೆಲಸ ಬಿಟ್ಟಿದ್ದಳು. ಬಿಡು ಎಂದು ಯಾರೂ ಹೇಳಿರಲಿಲ್ಲ. ಆ ಚಳಿಗಾಲವಿಡೀ ಮನೆಯಲ್ಲಿ ರೇಡಿಯೊ ಹಚ್ಚದೆ, ಕಿಟಕಿಯ ಬಳಿ ಕೂತು ಹಿಮ ನೋಡಿದ್ದಳು. ಹಿಮ ಕರಗುವ ಹೊತ್ತಿಗೆ ತುವೋಮೊ ಈ ಯಂತ್ರ ತಂದ. “ನಾನು ನುಡಿಸ್ತೀನಿ, ನೀನು ಹಿಡಿದಿಡು” ಎಂದ. ಪಾಪ, ನಿವೃತ್ತನಿಗೆ ಹೊತ್ತು ಹೋಗುತ್ತಿಲ್ಲ ಎಂದುಕೊಂಡು ಒಪ್ಪಿದ್ದಳು. ಮೊದಲ ತಪ್ಪುಗಳು ಕಿವುಡರಿಗೂ ಕೇಳಿಸುವಂಥವು. ಈಚೆಗೆ ತೀರಾ ಸಣ್ಣವು. ಪಳಗುತ್ತಿದ್ದಾನೆ, ಆದರೂ ಇವೆ.

ಆಗಲೇ ತಾಂಪೆರೆ ನಗರದ ಅವರ ಬಡಾವಣೆಯ ಗ್ರಂಥಾಲಯದ ಮೇಲ್ವಿಚಾರಕಿ ಸಿನಿಕ್ಕಾ ತುವೋಮೊನಿಗೆ ಫೋನು ಮಾಡಿದ್ದು. ವಿಡಿಯೊ ನೋಡಿ ಮೆಚ್ಚಿದ್ದಳಂತೆ. ಶನಿವಾರ ಮಧ್ಯಾಹ್ನ, ಜನರ ಮುಂದೆ ನುಡಿಸಬೇಕಂತೆ.

“ಬೇಡ,” ಎಂದಳು ಇರ್ಮೆಲಿ. “ಮನೇಲಿದ್ರೇನೇ ಚೆಂದ.”

“ಒಪ್ಕೊಂಡಾಯ್ತು,” ಎಂದ ತುವೋಮೊ. “ಒಂದೇ ಶರತ್ತು ಹಾಕಿದೀನಿ. ಧ್ವನಿ ನೋಡ್ಕೊಳ್ಳೋದು ನನ್ನ ಹೆಂಡತಿ, ಬೇರೆ ಯಾರೂ ಅಲ್ಲ ಅಂತ.”

ಅಲ್ಲಿ ಕತ್ತರಿಯಿಲ್ಲ, ಅಂಟಿಸುವುದಿಲ್ಲ. ತಪ್ಪು ಬಿದ್ದರೆ ಊರೆದುರು ಬಿದ್ದಂತೆ. ಆಮೇಲೆ ಜನ ಹಳೆಯ ವಿಡಿಯೊಗಳನ್ನು ನೆನೆಸಿಕೊಳ್ಳುತ್ತಾರೆ, ಮೋಸಗಾರ ಎನ್ನುತ್ತಾರೆ. ಮೋಸ ಮಾಡಿದವಳು ಇವಳು, ತಲೆತಗ್ಗಿಸುವವನು ಅವನು.

ಶುಕ್ರವಾರ ಸಂಜೆ ಸೌನಾದ ಉಗಿಕೋಣೆಯಲ್ಲಿ ಹೇಳಿಬಿಡಬೇಕೆಂದುಕೊಂಡಳು. ಅವನು ಎಂದಿನಂತೆ ಅವಳ ಎಡಕ್ಕೇ ಕೂತಿದ್ದ.

“ತುವೋಮೊ, ಆ ವಿಡಿಯೊಗಳಲ್ಲಿ ನಾನು…”

ಅವನು ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಸುರಿದ. ಉಗಿ ಬುಸುಗುಟ್ಟಿ ಮಾತನ್ನು ನುಂಗಿತು.

“ಬೆವರು ಬರ್ಲಿ ಬಿಡು ಮಾರಾಯ್ತಿ,” ಎಂದ. “ಮಾತು ನಾಳೆ ಇದ್ದೇ ಇದೆ.”

ಶನಿವಾರ ಗ್ರಂಥಾಲಯದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಇರ್ಮೆಲಿ ಧ್ವನಿ ಹೊಂದಿಸುವ ಮಿಕ್ಸರಿನ ಹಿಂದೆ ಕೂತು ಎಡಗಿವಿ ಒಡ್ಡಿದಳು. ಎಲ್ಲೋ ಸೊಳ್ಳೆಯಂಥ ಒಂದು ಗುಂಯ್.

“ಆ ಮೂಲೆಯ ದೀಪ ಆರಿಸಿ,” ಎಂದಳು. ಸಿನಿಕ್ಕಾ ಆರಿಸಿದಳು. ಗುಂಯ್ ನಿಂತಿತು.

ತುವೋಮೊ ಶುರುಮಾಡಿದ. ತಾಳ ಏರಿತು. ಎಡಗೈ ಎದ್ದಿತು, ಗುಂಡಿಯ ಕಡೆ ಅಡ್ಡ ಬಂತು. ಇಗೋ, ಬಿತ್ತು ಎಂದು ಇರ್ಮೆಲಿ ಕಣ್ಣು ಮುಚ್ಚಿದಳು.

ಬೀಳಲಿಲ್ಲ.

ಎರಡನೆಯ ರಾಗದಲ್ಲಿಯೂ ಕೈ ಅಡ್ಡ ಬಂತು. ಸ್ವರ ಮೊಳೆ ಹೊಡೆದಂತೆ ತನ್ನ ಜಾಗದಲ್ಲೇ ನಿಂತಿತು. ಮೂರನೆಯದರಲ್ಲಿ ಅವನು ಯಂತ್ರವನ್ನು ನೋಡಲೂ ಇಲ್ಲ. ಚಪ್ಪರದ ಹುಡುಗನಂತೆ ತಲೆಯೆತ್ತಿ ಅವಳನ್ನೇ ನೋಡುತ್ತ ನುಡಿಸಿದ. ಕೊನೆಯವರೆಗೂ ಅವಳ ಎಡಗಿವಿಗೆ ಒಂದು ಕೂದಲೆಳೆಯೂ ಸಿಗಲಿಲ್ಲ.

ಚಪ್ಪಾಳೆ ಮುಗಿದ ಮೇಲೆ ಸಿನಿಕ್ಕಾ ಓಡಿಬಂದಳು. “ಆ ದೀಪದ ಸದ್ದು ನಮಗ್ಯಾರಿಗೂ ಕೇಳಿಸೇ ಇರ್ಲಿಲ್ಲ ಇರ್ಮೆಲಿ! ಎಂಥಾ ಕಿವಿ ನಿಮ್ಮದು! ಮುಂದಿನ ಕಛೇರಿಗಳಿಗೂ ನೀವೇ ಬರಬೇಕು.”

ಬರುತ್ತೇನೆ ಎಂದು ತನ್ನ ಬಾಯಿಂದಲೇ ಮಾತು ಹೊರಟದ್ದು ಇರ್ಮೆಲಿಗೆ ಆಮೇಲೆ ಗೊತ್ತಾಯಿತು. ತುವೋಮೊ ವಯರು ಸುತ್ತುತ್ತಿದ್ದ. ಅವಳು ಹತ್ತಿರ ಹೋದಳು.

“ನಾನು ನಿನಗೆ ಮೋಸ ಮಾಡಿದೀನಿ. ಪ್ರತಿ ವಾರ ನಿನ್ನ ತಪ್ಪು ತಿದ್ದಿ…”

“ಇನ್ನು ತಿದ್ದೋಕೇನೂ ಇರಲ್ಲ ಕಣೇ,” ಎಂದು ಅವನು ಅವಳ ಎಡಗಿವಿಯ ಬಳಿ ಬಾಗಿದ. “ನಿನ್ನ ಕಿವಿಗೋಸ್ಕರ ವಾರವಾರ ಹಿಂದಿನದಕ್ಕಿಂತ ಸಣ್ಣ ತಪ್ಪು ಹುಡುಕಿ, ಕೈ ಅಡ್ಡ ಇಟ್ಟು ಮಾಡ್ಬೇಕು ಅಂದ್ರೆ ಎಷ್ಟು ಕಷ್ಟ ಗೊತ್ತಾ ನಿನಗೆ?”