ಅತ್ತಿಗೆಗೆ ಇಷ್ಟವಾದ ಜಾಗ

ಫೋನು ಬಂದಾಗ ವೀರಭದ್ರಯ್ಯ ಚೀನಾದ ಶಿಯಾನ್ ಪಟ್ಟಣದ ಬೀದಿಯಲ್ಲಿ, ಕೆಂಪು ಲಾಂದ್ರಗಳ ಕೆಳಗೆ, ಗೊಂಬೆ ವೇಷದ ಹೆಂಗಸೊಬ್ಬಳ ಕಡೆಗೆ ಕೈ ಚಾಚಿ ನಿಂತಿದ್ದರು. ಅವಳು ಹಳೇ ಕಾಲದ ರಾಣಿಯ ಹಾಗೆ ರೇಷ್ಮೆ ಉಟ್ಟು, ತಳ ಭಾರವಾದ ಗುಂಡು ಪೀಠವೊಂದರ ಮೇಲೆ ನಿಂತು ತೂಗಾಡುತ್ತಿದ್ದಳು. ಇನ್ನೇನು ಬಿದ್ದೇಬಿಟ್ಟಳು ಅನ್ನುವಷ್ಟು ಬಾಗಿ ಬಂದು, ಸುತ್ತ ನಿಂತವರಲ್ಲಿ ಯಾರಾದರೊಬ್ಬರ ಬೆರಳು ಮುಟ್ಟಿ, ನಗುತ್ತಲೇ ಹಿಂದಕ್ಕೆ ಹೋಗುತ್ತಿದ್ದಳು. ಈ ಸಲ ಸಿಕ್ಕಿದ್ದು ವೀರಭದ್ರಯ್ಯನವರ ಬೆರಳು.

"ಬಿದ್ದೋದ್ಲು ಅಂದ್ಕಂಡೆ ಕಣ್ಲಾ ಪ್ರಸಾದ. ನಿಮ್ಮತ್ತಿಗೆ ನೋಡಿದ್ರೆ ಕಿರುಚ್ಕಂಡು ಊರೇ ಕೂಡಿಸ್ತಿದ್ಲು. ಎರಡು ಸಲ ಮಾಡ್ದೆ, ಫೋನೇ ಎತ್ತಲಿಲ್ಲ. ಡೈರಿಗೆ ಹಾಲು ಹಾಕಕ್ಕೆ ಹೋಗಿರ್ಬೇಕು. ನೀನು ವಿಡಿಯೋ ತೆಗಿ, ಆಮೇಲೆ ಕಳಿಸನ."

ತಮ್ಮ ರೇಣುಕಪ್ರಸಾದನ ಕೈಯಲ್ಲಿದ್ದ ಫೋನು ಆಗಲೇ ಅದುರುತ್ತಿತ್ತು. ಅಣ್ಣನ ಮಗ ದಯಾನಂದನ ಹೆಸರು ಕಂಡು, ಗದ್ದಲದಿಂದ ಪಕ್ಕಕ್ಕೆ ಸರಿದು, ಸಕ್ಕರೆ ಮಿಠಾಯಿ ಮಾರುವವನ ಗಾಡಿಯ ಮರೆಗೆ ಹೋದ. ಆಚೆ ಕಡೆ ಮೊದಲು ಉಸಿರು ಮಾತ್ರ ಕೇಳಿಸಿತು.

"ಅವ್ವ ಹೋಗ್ಬುಟ್ಳು ಚಿಕ್ಕಪ್ಪ. ಕೊಟ್ಟಿಗೇಲೇ ಕುಸಿದು ಕೂತ್ಳು, ಆಸ್ಪತ್ರೆಗಂಟ ತಡೀಲಿಲ್ಲ. ಅಪ್ಪಂಗೆ ಈಗ್ಲೇ ಹೇಳ್ಬ್ಯಾಡಿ. ಸಕ್ಕರೆ ಕಾಯಿಲೆ ಮನುಷ್ಯ, ಕಾಣದ ದೇಶ. ಹೆಂಗಾದ್ರೂ ಊರು ಮುಟ್ಟಿಸಿ."

ರಾತ್ರಿ ಹೊರಡುವ ವಿಮಾನವಿಲ್ಲ, ಬೆಳಗ್ಗೆಯೇ ಗತಿ. ಅದನ್ನು ಹೇಳಿದ್ದಕ್ಕೆ ದಯಾನಂದ, "ನೀವು ಬರೋಗಂಟ ಐಸ್ ಪೆಟ್ಟಿಗೇಲಿಟ್ಟು ಕಾಯ್ತೀವಿ. ಆದ್ರೆ ಇನ್ನೊಂದೈತೆ. ನಮ್ ತೋಟದಲ್ಲೇ ಮಣ್ಣು ಮಾಡ್ಬೇಕು. ಜಾಗ ಮಾತ್ರ ಗಂಡನೇ ಹೇಳ್ಬೇಕು ಅಂತ ಹಿರೀರು ಹಟ ಹಿಡ್ದವ್ರೆ. ಬೆಳಗಾಗ್ತಲೇ ಗುಂಡಿ ತೆಗಿಯಕ್ಕೆ ಸುರು ಮಾಡ್ಬೇಕು. ಅಪ್ಪನ್ನ ನೀವೇ ಕೇಳಿ ತಿಳಿಸಿ" ಅಂದ. ಹೇಳದೆ ಕೇಳುವುದು ಹೇಗೆ ಎಂದು ಅವನೂ ಹೇಳಲಿಲ್ಲ, ಇವನಿಗೂ ಹೊಳೆಯಲಿಲ್ಲ.

ತಿಪಟೂರಿನ ಕೊಬ್ಬರಿ ವರ್ತಕರು ಒಟ್ಟಾಗಿ ಹೊರಟ ಪ್ರವಾಸವಿದು. ಅತ್ತಿಗೆ ವಿಮಲಮ್ಮನ ಎದೆಗೆ ಸ್ಟೆಂಟ್ ಹಾಕಿದ್ದರಿಂದ ಡಾಕ್ಟರು ವಿಮಾನ ಬೇಡವೆಂದಿದ್ದರು. ಹೆಂಡತಿಯಿಲ್ಲದೆ ನಾನೂ ಒಲ್ಲೆ ಎಂದು ಕೂತ ಗಂಡನನ್ನು ಅವಳೇ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಕಟ್ಟಿಕೊಟ್ಟು ಹೊರಡಿಸಿದ್ದಳು. "ನಿಮ್ ಕಣ್ಣಲ್ಲೇ ನೋಡ್ತೀನಿ, ಹೋಗ್ರೀ" ಅಂದಿದ್ದಳಂತೆ. ಹಾಗಾಗಿ ದಿನಾ ಸಂಜೆ ವೀರಭದ್ರಯ್ಯ ಫೋನು ಎತ್ತಿ ಹಿಡಿದು, ಕೋಟೆ ಗೋಡೆಯನ್ನೂ ಅದರ ಮೇಲೆ ಹತ್ತಿದ ದೀಪಗಳನ್ನೂ ಅವಳಿಗೆ ತೋರಿಸುತ್ತಾ ನಡೆಯುತ್ತಿದ್ದರು.

ರೇಣುಕಪ್ರಸಾದ ಕರವಸ್ತ್ರದಿಂದ ಮುಖ ಒರೆಸಿಕೊಂಡು ಬಂದು ಅಣ್ಣನ ಪಕ್ಕ ನಿಂತ.

"ಯಾರ್ಲಾ ಫೋನು?"

"ಮಂಡಿಯಿಂದ. ರೇಟು ಕೇಳ್ತಿದ್ರು." ಫೋನನ್ನು ಜೇಬಿಗಿಳಿಸಿದ. "ಅಣ್ಣಯ್ಯ, ಸುಮ್ನೆ ಕೇಳ್ತೀನಿ. ಅತ್ತಿಗೆಗೆ ನಮ್ ತೋಟದಲ್ಲಿ ಯಾವ ಜಾಗ ಅಂದ್ರೆ ಇಷ್ಟ?"

ವೀರಭದ್ರಯ್ಯ ನಕ್ಕರು. "ಥೂ ನಿನ್ನ. ಇಂಥಾ ರಾಣಿ ಎದುರಿಗೆ ಕುಣೀತಾವ್ಳೆ, ನಿಂಗೆ ತೋಟದ ಚಿಂತೆ. ಚೀನಾಕ್ಕೆ ಬಂದ್ರೂ ತೆಂಗಿನಮರ ಬುಡಾಕಿಲ್ಲ ನೀನು." ಆಮೇಲೆ ಹೇಳತೊಡಗಿದರು. "ಮೇಗಳ ತೋಟದಲ್ಲಿ ನೀರಿನ ತೊಟ್ಟಿ ಐತಲ್ಲ, ಅದರ ಮಗ್ಗುಲು. ಬೈಗಾದ್ರೆ ಅಲ್ಲೇ ಕೂತು ಗರಿ ಸೀಳಿ ಕಡ್ಡಿ ತೆಗೀತಿರ್ತಾಳೆ. ಪೊರಕೆ ಅಂಗಡೀಲಿ ಸಿಗಲ್ವೇನೇ ಅಂದ್ರೆ, ಅಲ್ಲಿಂದ ರಸ್ತೆ ಕಾಣುತ್ತೆ, ನೀವು ಬರೋದು ಕಾಣುತ್ತೆ ಅಂತಾಳೆ. ಈ ವಯಸ್ಸಲ್ಲಿ ನಾನೇನು ಮದುಮಗನೇನ್ಲಾ, ಬರೋದು ನೋಡಕ್ಕೆ..."

ಮಾತು ಅಲ್ಲಿಗೆ ನಿಂತಿತು. ಮಂಡಿಯಲ್ಲಿ ಎದುರಿನವನ ಮುಖ ನೋಡಿಯೇ ಕೊಬ್ಬರಿಯ ಬೆಲೆ ಕಟ್ಟಿದ ಮನುಷ್ಯ ಅವರು. ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದರು. ರೇಣುಕಪ್ರಸಾದ ಲಾಂದ್ರಗಳ ಕಡೆ ಮುಖ ತಿರುಗಿಸಿದ.

ಗೊಂಬೆಯ ಹೆಂಗಸು ಮತ್ತೆ ಅವರತ್ತಲೇ ಬಾಗಿ ಬಂದಳು. ಬೆರಳು ಚಾಚಿದಳು. ವೀರಭದ್ರಯ್ಯನವರ ಕೈ ಮೇಲೇಳಲಿಲ್ಲ. ಅವಳು ಅದೇ ನಗುವಿನಲ್ಲಿ ಪಕ್ಕದ ಹುಡುಗಿಯ ಬೆರಳು ಮುಟ್ಟಿ ಹಿಂದಕ್ಕೆ ತೂಗಿದಳು. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ವೀರಭದ್ರಯ್ಯ ಅವಳನ್ನೇ ನೋಡುತ್ತಿದ್ದರು. ಆಮೇಲೆ, ಆಳುಗಳಿಗೆ ನಾಳೆಯ ಕೆಲಸ ಹೇಳುವ ದನಿಯಲ್ಲೇ ಹೇಳಿದರು:

"ದಯಾನಂದಂಗೆ ಹೇಳು, ಅಲ್ಲಿಗೆ ಜೆಸಿಬಿ ತರ್ಸೋದು ಬ್ಯಾಡ. ಆಳು ಹಚ್ಚಿ ಕೈಯಲ್ಲೇ ಅಗೆಸ್ಲಿ. ಆ ಸುತ್ತಿನ ಮರಗಳೆಲ್ಲ ಅವಳು ಬಿಂದಿಗೇಲಿ ನೀರು ಹೊತ್ತು ಬೆಳೆಸಿದ್ದು, ಬೇರು ಕಡೀಬಾರ್ದು."