ನೆರೆಹೊರೆಯ ಚಂದಾ

ಹೊರದೇಶಕ್ಕೆ ಹೋಗುವವರಿಗೆ ಅಲ್ಲಿನ ಖರ್ಚು, ಸುಖ ಎರಡನ್ನೂ ಹೋಲಿಸಿ ಹೇಳುವ ಕೌಂಟರಿನಲ್ಲಿ ನನ್ನ ಸರದಿ ಬಂತು. ಗುಮಾಸ್ತ ಪಟ್ಟಿ ಓದಿದ. ಮನೆ ಬಾಡಿಗೆ ನಮ್ಮ ದಾವಣಗೆರೆಗಿಂತ ಕಡಿಮೆ. ನಲ್ಲಿ ನೀರು ಹಾಗೇ ಕುಡಿಯಬಹುದು. ಬಸ್ಸು ಹೇಳಿದ ನಿಮಿಷಕ್ಕೆ ಬರುತ್ತದೆ.

"ನೆರೆಹೊರೆ ಮಾತ್ರ ಬೇರೆ, ಮೇಡಂ. ಅದಕ್ಕೆ ಅಲ್ಲಿ ತಿಂಗಳ ಚಂದಾ. ಸಾದಾ ಚಂದಾಕ್ಕೆ ದಿನಕ್ಕೊಮ್ಮೆ ಬಂದು 'ಊಟ ಆಯ್ತಾ?' ಅಂತ ಕೇಳ್ತಾರೆ. ಮೇಲಿನ ದರ್ಜೆಯಾದರೆ ಬಾಗಿಲು ತಟ್ಟದೆ ಒಳಗೆ ಬಂದು, ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಉಪ್ಪು ಜಾಸ್ತಿ ಅಂತಾರೆ. ಅದಕ್ಕೆ ನಿಮ್ಮ ಅರ್ಧ ಸಂಬಳ ಹೋಗುತ್ತೆ."

ನನಗೆ ನಗು ಬಂತು. ಪಕ್ಕದ ಮನೆಯ ರುದ್ರಮ್ಮ ಹತ್ತು ವರ್ಷದಿಂದ ಇದನ್ನೆಲ್ಲ ಬಿಟ್ಟಿ ಮಾಡುತ್ತಿದ್ದಾರೆ. ಆ ಕಾಟ ತಡೆಯಲಾರದೆ ತಾನೇ ನಾನು ದೇಶ ಬಿಡುತ್ತಿರುವುದು.

"ನನಗೆ ಯಾವ ಚಂದಾನೂ ಬೇಡ," ಅಂದೆ.

"ಎಲ್ಲರೂ ಹಾಗೇ ಅಂತಾರೆ. ಮೂರನೇ ತಿಂಗಳಿಗೆ ಮೇಲಿನ ದರ್ಜೆಗೇ ಅರ್ಜಿ ಹಾಕ್ತಾರೆ," ಎನ್ನುತ್ತ ಮುದ್ರೆ ಒತ್ತಿದ.

ಪಕ್ಕದ ಕೌಂಟರಿಗೆ 'ನುರಿತ ಕೆಲಸಗಾರರು' ಎಂಬ ಬೋರ್ಡು. ಅಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿದ್ದವರು ರುದ್ರಮ್ಮ.

"ಅಲ್ಲಿ ನೆರೆಮನೆಯವರಾಗಿರೋ ಕೆಲಸಕ್ಕೆ ಹೋಗ್ತಿದ್ದಾರೆ. ನಿಮ್ಮದರ ಎರಡರಷ್ಟು ಸಂಬಳ," ಎಂದ ಗುಮಾಸ್ತ.

ರುದ್ರಮ್ಮ ನನ್ನನ್ನು ನೋಡಿ ಹತ್ತಿರ ಬಂದರು. "ಏನಮ್ಮ ಶೈಲಜಾ, ಊಟ..."

"ಅಮ್ಮಾ, ಒಪ್ಪಂದಕ್ಕೆ ಸಹಿ ಹಾಕಿದ್ದೀರಿ," ಎಂದು ಗುಮಾಸ್ತ ತಡೆದ. "ಇನ್ನು ಬಿಟ್ಟಿ ಕೇಳೋ ಹಾಗಿಲ್ಲ."

ರುದ್ರಮ್ಮ ತಮ್ಮ ಕೌಂಟರಿಗೆ ಹಿಂದಿರುಗಿದರು. ಬೆಳಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ.