ಬೇರೆ ಬೇರೆ ಡಬ್ಬಿ

"ಈ ಫೋನಿನ ಕಥೆ ಮುಗೀತು, ಮೇಡಂ," ಎಂದ ಮೊಬೈಲ್ ಅಂಗಡಿಯವನು. "ಇದನ್ನ ಕೊಟ್ಟು ಮೇಲೆ ಒಂಬತ್ತು ಸಾವಿರ ಹಾಕಿದ್ರೆ ಹೊಸದು. ಆಫರ್ ಇವತ್ತೇ ಕೊನೆ."

ಗಿರಾಕಿ ಪರ್ಸ್ ತೆರೆದಳು. ಪಕ್ಕದ ಸ್ಟೂಲಿನಲ್ಲಿ ಊಟದ ಕ್ಯಾರಿಯರ್ ಹಿಡಿದು ಕೂತಿದ್ದ ವಯಸ್ಸಾದ ಹೆಂಗಸು ಕೈ ಚಾಚಿದರು.

"ಏನಾಗಿದೆ, ತೋರಿಸಮ್ಮ."

"ತುಂಬಾ ನಿಧಾನ, ಆಂಟಿ. ಬೇಕಾದ್ದು ಹುಡುಕೋದ್ರಲ್ಲೇ ಸಾಕಾಗುತ್ತೆ."

ಹೆಂಗಸು ಕನ್ನಡಕ ಏರಿಸಿಕೊಂಡರು. "ಸಾರು, ಪಲ್ಯ, ಮಜ್ಜಿಗೆ ಎಲ್ಲಾ ಒಂದೇ ಡಬ್ಬಿಗೆ ಸುರಿದಿದ್ದೀಯಲ್ಲ. ಮೂರು ಟಾರ್ಚ್ ಆ್ಯಪ್ ಯಾಕೆ? ಈ ಬಲೂನ್ ಒಡೆಯೋ ಆಟ ನೀನು ಆಡ್ತೀಯಾ?"

"ಇಲ್ಲ, ಮಗ ಹಾಕಿದ್ದು. ಈಗ ಅವನೂ ಆಡಲ್ಲ."

"ಹಾಗಾದ್ರೆ ತೆಗಿ."

ಅಂಗಡಿಯವನು ಜೋರಾಗಿ ಕೆಮ್ಮಿದ. ಹೆಂಗಸು ತಲೆ ಎತ್ತಲಿಲ್ಲ. ಹತ್ತು ನಿಮಿಷದಲ್ಲಿ ಬ್ಯಾಂಕಿನ ಆ್ಯಪ್‌ಗಳು ಒಂದು ಕಡೆ, ಸ್ಕೂಲಿನವು ಇನ್ನೊಂದು ಕಡೆ ಸೇರಿದವು. ಬೇಡದ ನಲವತ್ತು ಹೋದವು. ಫೋನ್ ಸರಸರ ಓಡತೊಡಗಿತು.

"ಇನ್ನೆರಡು ವರ್ಷ ಇದಕ್ಕೇನೂ ಆಗಲ್ಲ ಹೋಗು."

ಗಿರಾಕಿ ಪರ್ಸ್ ಮುಚ್ಚಿ, ಕೈಮುಗಿದು, ನಗುತ್ತ ಹೊರಟುಹೋದಳು.

ಅಂಗಡಿಯವನು ಹೊಸ ಫೋನನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಕಪಾಟಿಗೆ ಏರಿಸಿದ.

"ಅಮ್ಮಾ, ಈ ವಾರದಲ್ಲಿ ಇದು ನಾಲ್ಕನೇ ಗಿರಾಕಿ. ನಾಳೆಯಿಂದ ನನ್ನ ಊಟ ನಾನೇ ತರ್ತೀನಿ."